ನೀರು ನಿಂತ ಕಾರು

ಬಾನೆಟ್ಟಿನ ಮೇಲಿಟ್ಟ ಅಂಗೈಯನ್ನು ಲಿಂಗಪ್ಪ ನಾಯ್ಕರು ಬೇಗ ತೆಗೆಯಲಿಲ್ಲ. ಹೊನ್ನಾವರದ ಗೋದಾಮಿನ ನೆರಳಿನಲ್ಲಿ ನಿಂತಿದ್ದ ಕಾರಿನ ತಗಡು ಬಿಸಿಯಾಗಿತ್ತು.

“ಇಪ್ಪತ್ತು ದಿನದಿಂದ ಗಾಡಿ ನಿಂತಲ್ಲೇ ನಿಂತದೆ ಹೇಳಿ ಕಾಗದದಲ್ಲಿ ಬರ್ದಿದ್ರಿ, ದುರ್ಗಪ್ಪನವರೇ.”

ಹಂಚಿನ ವ್ಯಾಪಾರಿ ದುರ್ಗಪ್ಪ ಹೆಗಲ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಐದು ನಿಮಿಷದ ಹಿಂದಷ್ಟೇ ಸೈಕಲ್ ತುಳಿದುಕೊಂಡು ಬಂದವನು. ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ.

“ನೀವು ಬರ್ತ್ರಿ ಹೇಳಿ ಬೆಳಿಗ್ಗೆ ಈ ಜಟ್ಟನ ಹತ್ರ ಒಂದ್ಸಲ ಶುರು ಮಾಡ್ಸಿದ್ದೆ, ಜಮಾದಾರ್ರೆ. ಡಾಕ್ಟರಮ್ಮನ ಎದುರು ಗಾಡಿ ಕೆಮ್ಮುತ್ತಾ ನಿಂತ್ರೆ ಎಂತ ಚಂದ?”

ಜಟ್ಟ ಎಂದು ಕರೆಸಿಕೊಂಡ ಡ್ರೈವರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಬಡಕಲು ದೇಹ, ವಾರದ ಗಡ್ಡ, ನೆಲ ಬಿಟ್ಟು ಮೇಲೇಳದ ಕಣ್ಣು.

ಹಳೇ ಗಾಡಿಯನ್ನು ತಣ್ಣಗಿದ್ದಾಗ ನೋಡಬೇಕು. ಬಿಸಿಯಾದ ಎಂಜಿನು ಮದುವೆ ದಿನದ ಮದುಮಗನ ಹಾಗೆ, ಅದರ ನಿಜವಾದ ಗುಣ ಆ ಹೊತ್ತಿಗೆ ತಿಳಿಯುವುದಿಲ್ಲ. ಲಿಂಗಪ್ಪ ನಾಯ್ಕರಿಗೆ ಕಾರಿನ ವಿದ್ಯೆ ಇರಲಿಲ್ಲ. ಮೂವತ್ತು ವರ್ಷ ಪೋಲೀಸ್ ಕೆಲಸ ಮಾಡಿ, ಜಮಾದಾರರಾಗಿ ನಿವೃತ್ತರಾದವರು. ಎತ್ತು ಕೊಂಡು ಗೊತ್ತಿತ್ತು, ಸುಳ್ಳು ಕೇಳಿ ಗೊತ್ತಿತ್ತು.

ನಿಜವಾಗಿ ಅವರು ಬಂದದ್ದು ಕಾರು ನೋಡಲಿಕ್ಕೂ ಅಲ್ಲ.

ಈ ಕೆಂಪು ಬಣ್ಣದ, ಎರಡೇ ಸೀಟಿನ ಎಂ.ಜಿ. ಗಾಡಿ ಕಾಯ್ಕಿಣಿಯ ಪಾಂಡುವಿನದು. ಲಿಂಗಪ್ಪನವರು ಅವನ ಹೆಸರು ಕೇಳಿದ್ದರು, ಮುಖ ಕಂಡಿರಲಿಲ್ಲ. ಅವನು ಮನೆಗೆ ಬಾರದೆ ಇಪ್ಪತ್ತು ದಿನವಾಗಿತ್ತು. ‘ಹೆಣವಾದರೂ ಸರಿ, ಹುಡುಕಿಕೊಡಿ ಒಡೆಯಾ’ ಎಂದು ಅವನ ಹೆಂಡತಿ ಸಣ್ಣಿ ಲಿಂಗಪ್ಪನವರ ಜಗುಲಿಯಲ್ಲಿ ಕುಸಿದು ಕೂತು ಹೇಳಿದ್ದಳು. ಪಾಂಡುವಿನ ಸೋದರಮಾವ ಈ ದುರ್ಗಪ್ಪ. ‘ಪಾಂಡು ಬೊಂಬಾಯಿಗೆ ಹೋದ, ಗಾಡಿ ಮಾರಲು ನನಗೆ ಹೇಳಿದ್ದಾನೆ’ ಎಂಬುದು ಅವನ ಮಾತು. ಅದೇ ಹೊತ್ತಿಗೆ ಕುಮಟೆಯ ಡಾಕ್ಟರ್ ಕಮಲಿಗೆ ದುರ್ಗಪ್ಪನಿಂದಲೇ ಒಂದು ಕಾಗದ ಬಂತು. ಅರ್ಧ ಬೆಲೆಗೆ ಕಾರು ಉಂಟು, ಬಂದು ನೋಡಿ ಎಂದು.

ಕಮಲಿಯ ಅಪ್ಪ ದಾಸ ತಾಂಡೇಲ ಲಿಂಗಪ್ಪನವರ ಗೆಳೆಯ. ದೋಣಿ ನಡೆಸಿ ಮಗಳನ್ನು ಡಾಕ್ಟರು ಮಾಡಿದವನು. “ಮಾವ, ಕಾರು ನೋಡ್ಲಿಕ್ಕೆ ಜೊತೆಗೆ ಬನ್ನಿ” ಎಂದು ಅವಳು ಕರೆದಾಗ ಲಿಂಗಪ್ಪನವರು ಬಂದರು. ಪಾಂಡುವಿನ ವಿಷಯ ಹೇಳಲಿಲ್ಲ. ಅವಳಿಗೆ ಸುಳ್ಳು ಹೇಳಲು ಬಾರದು, ಮನಸ್ಸಿನಲ್ಲಿದ್ದದ್ದು ಮುಖದಲ್ಲಿ ಕಾಣುತ್ತದೆ. ಹೇಳದೆ ಜೊತೆಗೆ ಬಂದದ್ದು ಈಗ ಅವರನ್ನು ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಕಮಲಿ ಆಗಲೇ ಸ್ಟಿಯರಿಂಗ್ ಹಿಡಿದು ಕೂತಾಗಿತ್ತು.

“ಮಾವ, ಒಂದ್ಸಲ ಇಲ್ಲಿ ಬಂದು ಕೂತು ನೋಡಿ.”

“ನಾನು ಕೂತ್ರೆ ಎಬ್ಬಿಸ್ಲಿಕ್ಕೆ ನಾಲ್ಕು ಜನ ಬೇಕು. ಇದು ಕಾರೋ, ಸ್ನಾನದ ಹಂಡೆಯೋ?”

“ಕುಮಟೆ ವಕೀಲರ ಗಾಡಿ ನೋಡಿದ್ರಲ್ಲ. ಅದ್ರಲ್ಲಿ ಕೂತ್ರೆ ನಾನೇ ಪೇಷಂಟು ಹೇಳಿ ಅನಿಸ್ತದೆ. ಭಟ್ಕಳದ ವ್ಯಾನು ಗಟ್ಟಿ ಇತ್ತು, ಒಪ್ತೆ. ಆದ್ರೆ ಅದು ಏರು ಹತ್ತುವಷ್ಟು ಹೊತ್ತಿಗೆ ಬಾಣಂತಿಗೆ ನಾಮಕರಣದ ಊಟ ಆಗಿರ್ತದೆ.”

“ಅದಕ್ಕೆ ಹಂಡೆ ಬೇಕಾಯ್ತಾ?”

“ನೀವು ನಗಾಡಿ. ಹೋದ ತಿಂಗ್ಳು ಹೆಬಳೆಗೆ ಕರೆ ಬಂತು. ಬಸ್ಸಿಗೆ ಕಾದೆ, ಹೊನ್ನಾವರದಲ್ಲಿ ಹೊಳೆ ದಾಟ್ಲಿಕ್ಕೆ ಕಾದೆ, ಮತ್ತೆ ಬಸ್ಸಿಗೆ ಕಾದೆ. ತಾಯಿ ಉಳೀತು, ಕೂಸು ಉಳೀಲಿಲ್ಲ.” ಅವಳ ದನಿ ಒಂದು ಕ್ಷಣ ಇಳಿಯಿತು. “ಹೊಳೆ ದಾಟಿಸೋ ಜೋಡಿದೋಣಿ ಜಂಗಲಿನ ಮೇಲೆ ಲಾರಿ ಹತ್ತಿದ ಮೇಲೂ ಈ ಗಾಡಿಗೆ ಜಾಗ ಉಳೀತದೆ. ಅಳತೆ ಮಾಡಿ ನೋಡಿದ್ದೆ. ಮತ್ತೆ ಇದ್ರಲ್ಲಿ ಕೂತ್ರೆ ನಂಗೆ ಖುಷಿ ಆಗ್ತದೆ, ಮಾವ. ಇಡೀ ದಿನ ನೋವು ನೋಡೋಳಿಗೆ ದಾರಿಯಲ್ಲಾದ್ರೂ ಖುಷಿ ಬೇಡ್ವಾ?”



ಲಿಂಗಪ್ಪನವರು ಕಾರನ್ನು ಸುತ್ತು ಹಾಕಿದರು. ನಾಲ್ಕೂ ಟಯರಿನ ಸವೆತದ ಮೇಲೆ ಬೆರಳಾಡಿಸಿದರು. ಬಾಗಿಲ ಚೌಕಟ್ಟಿನ ಮರವನ್ನು ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಇಂಥ ಗಾಡಿಗೆ ತಗಡಿನ ಒಳಗೆ ಮರದ ಎಲುಬು, ಕಾಲಡಿಗೆ ಮರದ ಹಲಗೆ ಎಂದು ಕುಮಟೆಯ ಗ್ಯಾರೇಜಿನಲ್ಲಿ ಕೇಳಿಕೊಂಡು ಬಂದಿದ್ದರು. ಮಡಚುವ ಕ್ಯಾನ್ವಾಸು ಮಾಡು ಮಳೆಗಾಲದಲ್ಲಿ ಸೋರಿಯೇ ಸೋರುತ್ತದೆ. ಮರ ಕೊಳೆತಿದ್ದರೆ ಬಣ್ಣ ಎಷ್ಟು ಹೊಳೆದರೂ ಕೊಳ್ಳಬಾರದು.

ಕಮಲಿಯನ್ನು ಕೆಳಗಿಳಿಸಿ ನೋಡಿದರು. ಡ್ರೈವರು ಕೂರುವ ಬಲಬದಿಯ ಹಲಗೆ ಹಳೆಯದು, ಕಪ್ಪಾಗಿತ್ತು, ಆದರೆ ಕಲ್ಲಿನ ಹಾಗೆ ಗಟ್ಟಿ. ಎಡಬದಿಯ ಚಾಪೆ ಎತ್ತಿ ಬಗ್ಗಿದರು. ಮೂಗಿಗೆ ಬಡಿದದ್ದು ಪೆಟ್ರೋಲಿನ ವಾಸನೆ ಅಲ್ಲ, ಮೀನೆಣ್ಣೆಯದು.

“ಈ ಹಲಗೆ?”

“ಕಂಪನಿಯದೇ. ವಿಲಾಯತಿ ಕೆಲಸ,” ಎಂದ ದುರ್ಗಪ್ಪ. ಕೇಳಿ ಮುಗಿಸುವ ಮೊದಲೇ ಉತ್ತರ ಬಂದಿತ್ತು.

ಮೂಲೆಯಲ್ಲಿ ಕುಡಿಯುವ ನೀರಿನ ಕೊಡಪಾನ ಇತ್ತು. ಲಿಂಗಪ್ಪನವರು ಅದನ್ನು ಎತ್ತಿ ತಂದು, ಮೊದಲು ಬಲಬದಿಗೆ ಅರ್ಧ ಸುರಿದರು. ನೀರು ಹಲಗೆಯ ಸಂದಿಗಳಲ್ಲಿ ಇಳಿದು, ಕಾರಿನಡಿಯ ಮಣ್ಣಿಗೆ ತೊಟತೊಟ ಬಿದ್ದು ಖಾಲಿಯಾಯಿತು. ಉಳಿದರ್ಧ ಎಡಬದಿಗೆ ಸುರಿದರು.

ನೀರು ಇಳಿಯಲಿಲ್ಲ. ಒಂದು ಹನಿಯೂ ಇಳಿಯಲಿಲ್ಲ. ಕಾಲಿಡುವ ಜಾಗದಲ್ಲಿ ಅದು ಹಾಗೇ ನಿಂತು, ಮಾಡಿನ ಗಾಜು ಹಂಚಿನಿಂದ ಬಿದ್ದ ಬೆಳಕಿನಲ್ಲಿ ನಡುಗತೊಡಗಿತು.

ಕಮಲಿ ಬಗ್ಗಿ ನೋಡಿ ನಕ್ಕಳು. “ಮಾವ, ಇದು ಯಾವ ವಿಲಾಯತಿಯೂ ಅಲ್ಲ. ನಮ್ಮ ದೋಣಿ ಆಚಾರಿಗಳ ಕೆಲಸ. ಸಂದಿಗೆ ಹತ್ತಿ ತುರುಕಿ, ರಾಳ ಎರೆದು, ಮೀನೆಣ್ಣೆ ಬಳ್ದಿದ್ದಾರೆ ನೋಡಿ. ಅಪ್ಪ ಕಂಡಿದ್ರೆ ಹೊಗಳ್ತಿದ್ದ. ಕಾರಿಗೆ ಹಾಕೋ ಹಲಗೆಯಲ್ಲಿ ನೀರು ಹೋಗ್ಲಿಕ್ಕೆ ಸಂದು ಬಿಡ್ಬೇಕು ಹೇಳಿ ಪಾಪ ಅವನಿಗೆ ಗೊತ್ತಿಲ್ಲ.”



ದುರ್ಗಪ್ಪನ ಕೈ ಟವೆಲನ್ನು ಹಿಂಡುತ್ತಿತ್ತು. ಬಾಗಿಲ ಬಳಿಯ ಜಟ್ಟ ಮೊದಲ ಸಲ ತಲೆಯೆತ್ತಿದ. ನಿಂತ ನೀರನ್ನು ನೋಡಿದ. ಕೂಡಲೇ ಮುಖ ಆಚೆ ತಿರುಗಿಸಿದ.

ಎಡಬದಿಯದು ಜೊತೆಗೆ ಬಂದವರು ಕೂರುವ ಸೀಟು. ಅಲ್ಲಿಯ ಹಲಗೆಯನ್ನು ಮಾತ್ರ ಕಿತ್ತು ಹೊಸದು ಹಾಕಿದ್ದಾರೆ, ಹಾಕಿದ್ದನ್ನು ಅಡಗಿಸುತ್ತಿದ್ದಾರೆ. ಏಕೆಂಬುದು ಲಿಂಗಪ್ಪನವರಿಗೆ ಹೊಳೆದಿತ್ತು. ಕಮಲಿಗೆ ಇನ್ನೂ ಹೊಳೆದಿರಲಿಲ್ಲ. ಹೊಳೆಯುವ ಮೊದಲು ಅವಳು ಈ ದುರ್ಗಪ್ಪನಿಂದ ದೂರ ಇರಬೇಕಿತ್ತು.

“ಅಮ್ಮಾ,” ಎಂದ ಜಟ್ಟ. ದನಿ ಮೆತ್ತಗಿತ್ತು. “ಒಂದು ಸುತ್ತು ಓಡ್ಸಿ ನೋಡ್ತ್ರಾ? ಕರ್ಕಿ ತಿರುವಿನವರೆಗೆ ಹೋಗಿ ಬರುವಾ. ಗೇರು ಸ್ವಲ್ಪ ಹಠ ಮಾಡ್ತದೆ, ನಾನು ಬದಿಯಲ್ಲಿ ಕೂತು ಹೇಳ್ತೆ.”

ಕಮಲಿಯ ಕಣ್ಣು ಅರಳಿತು. “ಹೋಗ್ಲಾ, ಮಾವ?”

ಕಾರಿನಲ್ಲಿ ಇರುವುದು ಎರಡೇ ಸೀಟು. ದುರ್ಗಪ್ಪ ಜೊತೆಗೆ ಹೋಗುವಂತಿಲ್ಲ. ಕರ್ಕಿ ತಿರುವಿಗೆ ಹೋಗಿ ಬರಲು ಹತ್ತು ಹನ್ನೆರಡು ನಿಮಿಷ. ಅಷ್ಟರಲ್ಲಿ ಈ ಹಂಚಿನ ವ್ಯಾಪಾರಿಯ ಬಾಯಿ ಬಿಡಿಸಬಹುದು. ಲಿಂಗಪ್ಪನವರು ಲೆಕ್ಕ ಹಾಕಿದರು.

“ಆತು, ಹೋಗ್ಬಾ ಮಗಾ. ನಿಧಾನ.”

ಜಟ್ಟ ಹಳೇ ಗೋಣಿಚೀಲದಿಂದ ನಿಂತ ನೀರನ್ನು ಒರೆಸಿ ತೆಗೆದ. “ನಿಮ್ಮ ಔಷಧಿ ಚೀಲವೂ ತಕಳ್ಳಿ ಅಮ್ಮಾ. ದಿನಾ ಓಡಾಡೋರಿಗೆ ಅದನ್ನಿಡ್ಲಿಕ್ಕೆ ಜಾಗ ಸಾಕಾ ಹೇಳಿ ಈಗ್ಲೇ ನೋಡ್ಕಂಡ್ರೆ ಒಳ್ಳೇದಲ್ದಾ.”

“ಬುದ್ಧಿವಂತ,” ಎಂದಳು ಕಮಲಿ. ಚೀಲ ಸೀಟಿನ ಹಿಂದೆ ಹೋಯಿತು.

ಕಾರು ಗುರುಗುಟ್ಟಿ ಗೋದಾಮಿನಿಂದ ಹೊರಬಿತ್ತು. ಗೇಟು ದಾಟುವಾಗ ಜಟ್ಟ ಮೊಣಕಾಲು ಮಡಚಿ, ಎರಡೂ ಹಿಮ್ಮಡಿಗಳನ್ನು ಸೀಟಿನ ಅಂಚಿಗೆ ಎಳೆದುಕೊಂಡು ಮುದುಡಿ ಕೂತಿದ್ದ. ಹಲಗೆ ಇನ್ನೂ ಒದ್ದೆಯಿರಬೇಕು ಎಂದುಕೊಂಡರು ಲಿಂಗಪ್ಪನವರು.

ಎಂಜಿನಿನ ಸದ್ದು ಕುಮಟೆ ರಸ್ತೆಗೆ ಹೊರಳಿತು.

ಅವರು ಅಟ್ಟಿಯಿಟ್ಟ ಹಂಚಿನ ಮೇಲೆ ಕೂತರು. “ಕೂತ್ಕೊ ದುರ್ಗಪ್ಪ,” ಎಂದರು. ಬಹುವಚನ ಬಿಟ್ಟಿದ್ದರು.

ದುರ್ಗಪ್ಪ ನಿಂತೇ ಇದ್ದ.

“ಹಲಗೆ ಯಾಕೆ ಬದಲಾಯ್ತು?”

“ಕೊಳೆತಿತ್ತು.”

“ಈಗ್ಲೇ ಕಂಪನಿಯದು ಹೇಳಿದ್ಯಲ್ಲ.”

“ನೆನಪಿರ್ಲಿಲ್ಲ.”

“ಮಳೆಗಾಲದಲ್ಲಿ ದಿನಾ ಒದ್ದೆ ಕಾಲಿಡೋದು ಡ್ರೈವರು. ಆ ಬದಿ ಹಲಗೆ ಗಟ್ಟಿ ಉಂಟು. ಅಪರೂಪಕ್ಕೆ ಯಾರೋ ಕೂರೋ ಬದಿ ಮಾತ್ರ ಕೊಳೀತಾ?”

ದುರ್ಗಪ್ಪ ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ.

“ಕಾರಿನ ಕೆಲಸಕ್ಕೆ ಗ್ಯಾರೇಜಿಗೆ ಹೋಗೋದು ಬಿಟ್ಟು ದೋಣಿ ಆಚಾರಿ ಹತ್ರ ಹೋದೆ. ಸಂದು ಕಂಡ್ರೆ ಮುಚ್ಚೋದು ಅವನ ಕೈಗೆ ಅಭ್ಯಾಸ, ಪಾಪ, ಮುಚ್ಚಿಬಿಟ್ಟ. ಹಳೇ ಹಲಗೆ ಗ್ಯಾರೇಜಿನವರ ಕಣ್ಣಿಗೆ ಬೀಳ್ಬಾರ್ದಿತ್ತು, ಅಲ್ದಾ? ರಕ್ತ ಮರದೊಳಗೆ ಇಳಿದ್ರೆ ಎಷ್ಟು ತೊಳೆದ್ರೂ ಹೋಗೋದಿಲ್ಲ.”

ದುರ್ಗಪ್ಪನ ತುಟಿ ಬಿಳಿಚಿತು.

“ನಿನ್ನ ತಂಗಿ ಮಗ ಅವ,” ಎಂದರು ಲಿಂಗಪ್ಪನವರು. “ಕಾಯ್ಕಿಣಿಲಿ ಸಣ್ಣಿ ಅನ್ನ ನೀರು ಬಿಟ್ಟು ಕೂತದೆ. ಪಾಂಡುನ ಎಂತ ಮಾಡ್ದೆ?”

ಇಂಥ ಪ್ರಶ್ನೆಯನ್ನು ಅವರು ನೂರಾರು ಜನರಿಗೆ ಕೇಳಿದ್ದರು. ತಪ್ಪು ಮಾಡಿದವನು ಕೇಳಿದವರ ಮುಖ ನೋಡುತ್ತಾನೆ, ಇವರಿಗೆ ಎಷ್ಟು ಗೊತ್ತಿದೆ ಎಂದು ಅಳೆಯುತ್ತಾನೆ. ದುರ್ಗಪ್ಪ ಅವರನ್ನು ನೋಡಲೇ ಇಲ್ಲ. ಅವನ ಕಣ್ಣು ಗೇಟಿನಾಚೆಯ ರಸ್ತೆಯ ಮೇಲಿತ್ತು. ಈ ಮನುಷ್ಯ ಹೆದರಿದ್ದು ಹೌದು. ಆದರೆ ಎದುರು ಕೂತವರಿಗಲ್ಲ.

ಗಾಡಿಯಲ್ಲಿ ಹೋದವನಿಗೆ.

ಮುದುಡಿ ಕೂತ ಆ ಎರಡು ಕಾಲು ಲಿಂಗಪ್ಪನವರ ಕಣ್ಣ ಮುಂದೆ ಬಂತು. ನೀರು ಒರೆಸಿಯಾಗಿತ್ತು. ಒದ್ದೆ ಹಲಗೆಗೆ ಹೆದರುವ ಡ್ರೈವರು ಎಲ್ಲಿದ್ದಾನೆ? ಆ ಜಾಗದಲ್ಲಿ ಏನಾಗಿತ್ತೆಂದು ಕಂಡವನಿಗೆ ಮಾತ್ರ ಅಲ್ಲಿ ಕಾಲಿಡಲು ಮನಸ್ಸು ಬರುವುದಿಲ್ಲ.

ಅವರು ಎದ್ದು ನಿಂತರು.

“ಆ ಜಟ್ಟ ಯಾರು?”

“ಡ್ರೈವರು.”

“ದುರ್ಗಪ್ಪ, ಆ ಗಾಡಿಲಿ ಕೂತದ್ದು ದಾಸ ತಾಂಡೇಲನ ಮಗಳು. ನಿನ್ನ ಮನೆ ಹೆಂಗಸ್ರಿಗೂ ಹೆರಿಗೆ ಮಾಡ್ಸಿದ ಕೈ ಅದು. ಅವ ಯಾರು?”

ದುರ್ಗಪ್ಪ ನೆಲಕ್ಕೆ ಕುಸಿದ.

“ಪಾಂಡು,” ಎಂದ.

ಹೊರಗೆ ಬಂದರಿನ ಕಡೆಯಿಂದ ಯಾರೋ ಮರಕ್ಕೆ ಉಳಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಕಾರಿನ ಸದ್ದು ಇರಲಿಲ್ಲ. ಲಿಂಗಪ್ಪನವರು ಸೊಂಟದ ಗಡಿಯಾರ ತೆಗೆದರು. ಹೋಗಿ ಹದಿನೈದು ನಿಮಿಷ ಆಗಿತ್ತು.

“ಹಾಗಾದ್ರೆ ಆ ರಕ್ತ?”

“ಹೊನ್ನಂದು. ಪಾಂಡುನ ತಮ್ಮ, ಊರಲ್ಲಿ ಇರೋನಲ್ಲ.” ಮಾತು ಈಗ ತಡೆಯಿಲ್ಲದೆ ಬರತೊಡಗಿತು. “ಇಬ್ರೂ ಗೋವೆ ಗಡಿಯಿಂದ ಕಳ್ಳಮಾಲು ಗಡಿಯಾರ ತರ್ತಿದ್ರು. ಈ ಗಾಡಿಯ ಓಟಕ್ಕೆ ಯಾರೂ ಸಿಕ್ತಿರ್ಲಿಲ್ಲ. ಆ ದಿನ ಯಾರೋ ಗುಂಡು ಹೊಡೆದ್ರು. ಯಾರು ಹೇಳಿ ಪಾಂಡು ನಂಗೆ ಹೇಳ್ಲಿಲ್ಲ. ಹೊನ್ನನಿಗೆ ಹೊಟ್ಟೆ ಬದಿಗೆ ತಾಗಿತ್ತು. ಆಸ್ಪತ್ರೆಗೆ ಹೋದ್ರೆ ಪೋಲೀಸು. ನನ್ನ ಹಳೇ ಹಂಚಿನ ಭಟ್ಟಿ ಉಂಟಲ್ಲ, ಕರ್ಕಿಯಿಂದ ಒಳಗೆ, ಅಲ್ಲಿ ಮಲಗ್ಸಿದ್ದ.”

“ಇಪ್ಪತ್ತು ದಿನ?”

“ನಾಟಿ ಮದ್ದು ಹಾಕಿದ್ವಿ. ಮೊದ್ಲು ಮಾಯ್ತಾ ಬಂತು, ಮತ್ತೆ ಕೀವು ತುಂಬ್ತು. ಡಾಕ್ಟರೇ ಬೇಕು ಅಂದ ಪಾಂಡು. ನಾನೇ ಕಾಗದ ಬರೆದೆ. ಕಾರು ಮಾರ್ಲಿಕ್ಕೆ ಇಟ್ಟದ್ದೇ ಅಲ್ಲ, ಜಮಾದಾರ್ರೆ.”

ಅರ್ಧ ಬೆಲೆ ಯಾಕೆಂದು ಲಿಂಗಪ್ಪನವರಿಗೆ ಈಗ ತಿಳಿಯಿತು. ಸುಮ್ಮನೆ ಬಂದು ಕೇಳಿದ್ದರೆ ಕಮಲಿ ಬಸ್ಸಿಗೂ ಕಾಯದೆ ನಡೆದೇ ಬರುತ್ತಿದ್ದಳು. ಹೆದರಿದವರಿಗೆ ಅಷ್ಟು ಸಣ್ಣ ಮಾತು ಹೊಳೆಯುವುದಿಲ್ಲ.

“ಪಾಂಡು ರಾತ್ರಿಯಿಡೀ ಭಟ್ಟಿಲೇ ಇರ್ತಾನಾ?”

“ನಿನ್ನೆ ಸಂಜೆ ಭಟ್ಕಳಕ್ಕೆ ಹೋದ, ಅಲ್ಲಿ ಯಾವ್ದೋ ಸೂಜಿಮದ್ದು ಸಿಕ್ತದೆ ಹೇಳಿ. ಬೆಳಿಗ್ಗೆ ಮೊದಲ ಜಂಗಲಿಗೆ ಹೊಳೆ ದಾಟಿ ಸೀದಾ ಇಲ್ಲಿಗೇ ಬರ್ತೆ ಅಂದಿದ್ದ, ಬಂದ. ಅದಕ್ಕೇ ಗಾಡಿ ಬಿಸಿ.”

ಲಿಂಗಪ್ಪನವರು ಬಾಗಿಲ ಬಳಿಯ ಸೈಕಲಿನ ಹತ್ತಿರ ಹೋದರು. ಹ್ಯಾಂಡಲಿಗೆ ತೂಕುಪಾತ್ರೆ ನೇತಾಡುತ್ತಿತ್ತು. ಎತ್ತಿದರು. ಭಾರವಾಗಿತ್ತು. ಮುಚ್ಚಳ ತೆಗೆದರೆ ಗಂಜಿ ಹಾಗೇ ಇತ್ತು, ಮೇಲೆ ಕೆನೆಗಟ್ಟಿತ್ತು.

“ಇದು ಹೊನ್ನನಿಗೆ ತಕಂಡು ಹೋದದ್ದಾ?”

“ಹೌದು.”

“ಉಣ್ಲಿಲ್ವಾ?”

“ಜ್ವರ. ಬಾಯಿಗೆ ರುಚಿ ಇಲ್ಲ ಅಂದ.”

ಹೇಳುವಾಗ ದುರ್ಗಪ್ಪ ತೂಕುಪಾತ್ರೆಯ ಕಡೆ ನೋಡಲಿಲ್ಲ. ಆದರೆ ಅಷ್ಟು ಹೊತ್ತು ಬೆವರಾಗಿ ಇಳಿಯುತ್ತಿದ್ದದ್ದು ಈಗ ಕಣ್ಣಿನಿಂದ ಇಳಿಯಿತು. ಲಿಂಗಪ್ಪನವರು ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು, ಅವನ ಎದುರು ಕುಕ್ಕರಗಾಲಲ್ಲಿ ಕೂತರು. ಹೆಗಲ ಮೇಲೆ ಕೈಯಿಟ್ಟರು. ಈಗ ಅವರದು ಪೋಲೀಸರ ದನಿಯಲ್ಲ.

“ದುರ್ಗಪ್ಪ. ನಿನ್ನ ಅಳಿಯಂದ್ರ ಮೇಲೆ ನಂಗೆ ಸಿಟ್ಟಿಲ್ಲ. ನಿನ್ನ ಮೇಲೂ ಇಲ್ಲ. ಕಮಲಿ ಗಾಯ ತೊಳೀತದೆ, ಮದ್ದು ಹಾಕ್ತದೆ. ಪಾಂಡು ಅವಳನ್ನ ವಾಪಸ್ ತಂದು ಬಿಡ್ತಾನಲ್ಲ?”

ದುರ್ಗಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ.

“ಮೊನ್ನೆ ಕೋವಿ ತೊಡೆ ಮೇಲಿಟ್ಕಂಡು ಕೂತಿದ್ದ. ಡಾಕ್ಟರು ಬಂದು ಹೊನ್ನನ್ನ ಉಳಿಸಿದ್ರೆ ಕಾಲಿಗೆ ಬಿದ್ದು ಕಾರೇ ಕೊಡ್ತೆ ಅಂದ. ಉಳಿಸದಿದ್ರೆ ಭಟ್ಟಿಯಿಂದ ಯಾರೂ ಹೊರಗೆ ಹೋಗೋದಿಲ್ಲ ಅಂದ. ನಾನೂ ಹೋಗೋದಿಲ್ಲ, ಅವರೂ ಹೋಗೋದಿಲ್ಲ ಅಂದ. ನಿದ್ದೆ ಇಲ್ದೆ ಅವನ ತಲೆ ಸರಿ ಇಲ್ಲ, ಜಮಾದಾರ್ರೆ. ತಮ್ಮನ್ನ ಬದಿಗೆ ಕೂರಿಸ್ಕಂಡು ಹೋದವ ಅವನೇ ಅಲ್ದಾ.”

“ಉಳಿಸ್ತದೆ ಅವಳು. ಅವಳ ಕೈಗುಣ ನಾನು ಬಲ್ಲೆ.”

ದುರ್ಗಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಅದರೊಳಗಿಂದಲೇ ಮಾತು ಬಂತು.

“ಬೆಳಿಗ್ಗೆ ನಾನು ಹೋದಾಗ ಮೈ ತಣ್ಣಗಾಗಿತ್ತು. ಕಣ್ಣು ಮುಚ್ಚಿ, ಪಂಚೆ ಹೊದಿಸಿ ಬಂದೆ. ಪಾಂಡುಗೆ ಹೇಳ್ಬೇಕು ಹೇಳಿ ಹಾರಿಬಿದ್ದು ತುಳಿದು ಬಂದೆ. ನೀವಿಬ್ರೂ ಮೊದ್ಲೇ ಬಂದು ನಿಂತಿದ್ರಿ. ನಿಮ್ಮೆದುರು ಹೇಗೆ ಹೇಳ್ಲಿ?”

ಲಿಂಗಪ್ಪ ನಾಯ್ಕರ ಕೈ ಅವನ ಹೆಗಲ ಮೇಲೇ ಉಳಿಯಿತು. ಕಮಲಿಗೆ ಏನೂ ಹೇಳದೆ ಜೊತೆಗೆ ಬಂದವರು ಅವರು. ಹೋಗ್ಬಾ ಎಂದವರೂ ಅವರೇ.

ಕರ್ಕಿಯ ದಾರಿಯಲ್ಲಿ ಒಬ್ಬ ಅಣ್ಣ, ತಮ್ಮನನ್ನು ಉಳಿಸುವ ಡಾಕ್ಟರನ್ನು ಹೆಣದ ಬಳಿಗೆ ಕರೆದುಕೊಂಡು ಹೋಗುತ್ತಿದ್ದ. ಅದು ಹೆಣವೆಂದು ಭೂಮಿಯ ಮೇಲೆ ಗೊತ್ತಿದ್ದವರು ಇಬ್ಬರೇ. ಇಬ್ಬರೂ ಇ‍ಲ್ಲಿ, ಹೊನ್ನಾವರದ ಈ ಗೋದಾಮಿನ ನೆಲದ ಮೇಲೆ ಕೂತಿದ್ದರು.